ರಟ್ಟಿನ ಪೆಟ್ಟಿಗೆಯಿಂದ ಮೂಡ್ ಲ್ಯಾಂಪ್: ಅಲೆಗಳ ಸಂದಿಯಿಂದ ಬೆಳಕು ಇಳಿಸುವ ಬಗೆ

ಪಾರ್ಸೆಲ್ ಬಂದ ರಟ್ಟಿನ ಪೆಟ್ಟಿಗೆಯಿಂದ ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ, ಆ ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು ಕಿಟಕಿಯ ಕಡೆಗೆ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಲೆಯಾಗಿ ಮಡಿಚಿದ ಇನ್ನೊಂದು ಹಾಳೆ ಇರುತ್ತದೆ. ಆ ಅಲೆಗಳ ನಡುವೆ ಸಾಲಾಗಿ ಸಣ್ಣ ಕೊಳವೆಗಳು, ಅವುಗಳ ಆಚೆಯಿಂದ ಕಿಟಕಿಯ ಬೆಳಕು. ತುಂಡನ್ನು ಕೊಂಚ ಓರೆ ಮಾಡಿದರೆ ಬೆಳಕು ಮಾಯವಾಗಿ ಕಂದು ಹೊಳಪು ಮಾತ್ರ ಉಳಿಯುತ್ತದೆ. ಈ ಲೇಖನದಲ್ಲಿ ಹೇಳಿರುವ ದೀಪ ನಿಂತಿರುವುದು ಈ ಕೊಳವೆಗಳ ಮೇಲೆಯೇ. ರಟ್ಟಿನ ಪಟ್ಟಿಗಳನ್ನು ಪದರ ಪದರವಾಗಿ ಪೇರಿಸಿ ಚೌಕದ ಗೋಡೆ ಕಟ್ಟಿ, ಒಳಗೆ ಎಲ್‌ಇಡಿ ಇಟ್ಟರೆ ದೀಪವಾಯಿತು. ಉಳಿದದ್ದೆಲ್ಲ ತಾಳ್ಮೆಯ ಕೆಲಸ.

ಅಲೆರಟ್ಟಿಗೂ ದೀಪಕ್ಕೂ ಹಳೆಯ ನಂಟಿದೆ. 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅಲೆಕಾಗದವನ್ನು ಪ್ಯಾಕಿಂಗಿಗೆ ಬಳಸುವ ಪೇಟೆಂಟ್ ಪಡೆದಾಗ, ಅದರಲ್ಲಿ ಸುತ್ತಲು ಹೊರಟಿದ್ದು ಬಾಟಲಿಗಳನ್ನು ಮತ್ತು ಲಾಟೀನಿನ ಗಾಜಿನ ಚಿಮಣಿಗಳನ್ನು. ದೀಪ ಒಡೆಯದಂತೆ ಕಾಯಲು ಬಂದ ಕಾಗದವನ್ನೇ ಈಗ ದೀಪವಾಗಿ ಕಟ್ಟುತ್ತಿದ್ದೇವೆ.

ದೀಪಾವಳಿಗೆ ಗೂಡುದೀಪ ಕಟ್ಟಿ ಅಭ್ಯಾಸವಿರುವವರಿಗೆ ಕೈಕೆಲಸ ಕಷ್ಟವಾಗದು. ಆದರೆ ಗೂಡುದೀಪದಲ್ಲಿ ಬೆಳಕು ಬಣ್ಣದ ಕಾಗದವನ್ನು ಹಾಯ್ದು ಬರುತ್ತದೆ, ಇಲ್ಲಿ ಕಾಗದದ ಸಂದಿಯಿಂದ ಬರುತ್ತದೆ. ಹಾಗಾಗಿ ಬಣ್ಣ, ಅಂಟು, ಅಲಂಕಾರಗಳಿಗಿಂತ ಕತ್ತರಿಸುವ ದಿಕ್ಕು ಹೆಚ್ಚು ಮುಖ್ಯ.

ಯಾವ ರಟ್ಟು?

ಪ್ಯಾಕಿಂಗ್ ಅಂಗಡಿಯವರ ಭಾಷೆಯಲ್ಲಿ ರಟ್ಟು ಮೂರು ಪ್ಲೈ, ಐದು ಪ್ಲೈ, ಏಳು ಪ್ಲೈ (ಪ್ಲೈ ಎಂದರೆ ಒಂದು ಹಾಳೆ) ಎಂದು ಬರುತ್ತದೆ. ಪುಸ್ತಕ, ಬಟ್ಟೆಯ ಪಾರ್ಸೆಲ್ಲುಗಳದು ಮೂರು ಪ್ಲೈ: ಒಂದೇ ಸಾಲು ಕೊಳವೆ, ದಪ್ಪ ಮೂರ್ನಾಲ್ಕು ಮಿಲಿಮೀಟರ್. ಮಿಕ್ಸರ್, ಟಿ.ವಿ., ಸೇಬಿನ ಪೆಟ್ಟಿಗೆಗಳು ಸಾಮಾನ್ಯವಾಗಿ ಐದು ಪ್ಲೈ ಅಥವಾ ಅದಕ್ಕಿಂತ ದಪ್ಪ. ಐದು ಪ್ಲೈನಲ್ಲಿ ಎರಡು ಸಾಲು ಕೊಳವೆಗಳಿದ್ದು, ಒಂದು ಸಾಲು ದೊಡ್ಡದು, ಇನ್ನೊಂದು ಚಿಕ್ಕದಾಗಿರುವುದು ಹೆಚ್ಚು. ಒಟ್ಟು ದಪ್ಪ ಆರೇಳು ಮಿಲಿಮೀಟರ್. ನನ್ನ ಆಯ್ಕೆ ಐದು ಪ್ಲೈ. ಪಟ್ಟಿಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ, ದೊಡ್ಡ-ಚಿಕ್ಕ ಕೊಳವೆಗಳು ಒಂದರ ಮೇಲೊಂದು ಬಂದು ದೀಪದ ಮೈಗೆ ನೇಯ್ಗೆಯ ಕಳೆ ಬರುತ್ತದೆ. ಮನೆಯಲ್ಲಿ ಇಲ್ಲದಿದ್ದರೆ ಹಣ್ಣಿನ ಅಂಗಡಿಯಲ್ಲಿ ಕೇಳಿ, ಇಲ್ಲವೇ ಗುಜರಿ ಅಂಗಡಿಯಲ್ಲಿ ತೂಕಕ್ಕೆ ಕೊಳ್ಳಿ. ದೀಪ ಮಾಡಲೆಂದು ಹೊಸ ರಟ್ಟು ಖರೀದಿಸುವುದಾದರೆ ಈ ಕೆಲಸಕ್ಕೇ ಅರ್ಥವಿಲ್ಲ.

ಎಣ್ಣೆ ಹೀರಿದ, ನೀರು ಕುಡಿದು ಮೆತ್ತಗಾದ, ಜಜ್ಜಿಹೋದ ರಟ್ಟು ಬೇಡ. ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿ ಎದುರು ನಿಂತರೆ ಒಳಗಿನ ಅಲೆ ಸರಿಯಾಗಿದೆ. ಟೇಪನ್ನೂ ವಿಳಾಸದ ಚೀಟಿಯನ್ನೂ ಕಿತ್ತು ತೆಗೆಯಿರಿ. ಬಳಿಕ ಪೆಟ್ಟಿಗೆಯನ್ನು ಬಿಡಿಸಿ ಒಂದು ಹಗಲು ಚುರುಕು ಬಿಸಿಲಿಗೆ ಹಾಕಿ. ಗೋದಾಮುಗಳಿಂದ ಬರುವ ಪೆಟ್ಟಿಗೆಗಳ ಮಡಿಕೆಗಳಲ್ಲಿ ಜಿರಳೆಯ ಮೊಟ್ಟೆಚೀಲಗಳು ಅಂಟಿಕೊಂಡಿರುತ್ತವೆ. ಅವು ಮಲಗುವ ಕೋಣೆಯ ದೀಪದೊಳಗೆ ಒಡೆಯುವುದು ಬೇಡ.

ಕೊಳ್ಳಬೇಕಾದದ್ದು ಎರಡೇ

ಒಂದು, 5 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಒಂದು ಮೀಟರ್, ಯುಎಸ್‌ಬಿ ಪಿನ್ ಇರುವಂಥದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಈಗ ಇದು ಸಿಗುತ್ತದೆ. ಸುಮ್ಮನೆ ‘ಬಿಳಿ’ ಎಂದು ಕೇಳಿದರೆ ಅಂಗಡಿಯವರು 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿಯನ್ನೇ ಎತ್ತಿಕೊಡುವುದು ರೂಢಿ. ನಮಗೆ ಬೇಕಾದದ್ದು ‘ವಾರ್ಮ್ ವೈಟ್’, 2700ರಿಂದ 3000 ಕೆಲ್ವಿನ್. ಇದು ಅಂದದ ಪ್ರಶ್ನೆಯಷ್ಟೇ ಅಲ್ಲ. ಕಣ್ಣಿನ ಕೆಲವು ಕೋಶಗಳು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಹಗಲಿನ ಸೂಚನೆಯಾಗಿ ತೆಗೆದುಕೊಂಡು, ನಿದ್ದೆಗೆ ಅಣಿಗೊಳಿಸುವ ಮೆಲಟೋನಿನ್ ಸ್ರಾವವನ್ನು ತಗ್ಗಿಸುತ್ತವೆ. ರಾತ್ರಿ ಮಲಗುವ ಮುನ್ನ ಹಚ್ಚುವ ದೀಪದಲ್ಲಿ ನೀಲಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಂದು ರಟ್ಟು ಕೂಡ ನೀಲಿಯನ್ನು ಹೀರಿ ಹಳದಿ-ಕೆಂಪನ್ನೇ ಹೆಚ್ಚು ಹಿಂದಿರುಗಿಸುವುದರಿಂದ, ಅಂತಿಮ ಬೆಳಕು ಸ್ಟ್ರಿಪ್ಪಿನ ಬೆಳಕಿಗಿಂತ ಇನ್ನಷ್ಟು ಜೇನುಬಣ್ಣಕ್ಕೆ ತಿರುಗುತ್ತದೆ.

ಬಣ್ಣ ಬದಲಿಸುವ, ರಿಮೋಟ್ ಇರುವ ಸ್ಟ್ರಿಪ್ ಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಅದು ನಾಲ್ಕು ದಿನದ ಆಕರ್ಷಣೆ. ರಟ್ಟಿನ ಕಂದು ಬಣ್ಣದ ಮೇಲೆ ನೀಲಿ, ಹಸಿರು ಎರಡೂ ಮಂಕಾಗಿ ಕೊಳಕು ಕಾಣುತ್ತವೆ.

ಎರಡನೆಯದು ಫೆವಿಕಾಲ್‌ನಂಥ ಬಿಳಿ ಅಂಟು. ಮೈದಾ ಅಂಟು ಅಗ್ಗ ನಿಜ, ಆದರೆ ಜಿರಳೆಗೂ ಬೆಳ್ಳಿಹುಳಕ್ಕೂ ಅದು ಹಬ್ಬದೂಟ. ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು; ಅದು ವಿಷ, ಮಕ್ಕಳು ಮುಟ್ಟುವ ವಸ್ತುವಿಗೆ ಸಲ್ಲದು.

ಉಳಿದವು ಮನೆಯಲ್ಲೇ ಸಿಗುತ್ತವೆ. ಹಳೆಯ ಮೊಬೈಲ್ ಚಾರ್ಜರ್ (5 ವೋಲ್ಟ್, ಕನಿಷ್ಠ 1 ಆಂಪಿಯರ್, ಬಿಐಎಸ್ ಗುರುತು ಇರುವುದು), ಸುಮಾರು ಐದು ಸೆಂಟಿಮೀಟರ್ ವ್ಯಾಸದ, ಪಾನೀಯದ ಸಪೂರ ಅಲ್ಯೂಮಿನಿಯಂ ಕ್ಯಾನ್, ಸಿಹಿತಿಂಡಿಯ ಪೆಟ್ಟಿಗೆಯೊಳಗೆ ಹಾಸುವ ಬಟರ್ ಪೇಪರ್, ನೀರಿನ ಬಾಟಲಿಯ ನಾಲ್ಕು ಮುಚ್ಚಳ. ಸಲಕರಣೆಯೆಂದರೆ ಬ್ಲೇಡಿನ ತುದಿ ಮುರಿದುಕೊಳ್ಳುವ ಅಗಲ ಕಟರ್, ಸ್ಟೀಲ್ ಸ್ಕೇಲ್, ಸಿಕ್ಕರೆ ಬಡಗಿಯವರ ಮೂಲೆಮಟ್ಟ.

ಬೇಡವಾದ ಎರಡು ವಸ್ತುಗಳ ಹೆಸರನ್ನೂ ಹೇಳಿಬಿಡುತ್ತೇನೆ. ಥರ್ಮಾಕೋಲ್ ನೋಡಲು ಬೆಳಕಿಗೆ ಒಗ್ಗುವಂತೆ ಕಾಣುತ್ತದೆ. ಆದರೆ ಅದು 100 ಡಿಗ್ರಿಯೊಳಗೇ ಮೆತ್ತಗಾಗತೊಡಗುತ್ತದೆ, ಬೆಂಕಿ ತಗಲಿದರೆ ಕಪ್ಪು ಹೊಗೆ ಉಗುಳುತ್ತ ಉರಿಯುತ್ತದೆ, ಬಿಸಿ ತಂತಿಯಿಂದ ಕೊಯ್ದರೆ ಕೋಣೆಯೆಲ್ಲ ಸ್ಟೈರೀನ್ ವಾಸನೆ. ಇನ್ನೊಂದು ಹಳೆಯ ಜೀರೋ ಬಲ್ಬ್. ಹೆಸರಿಗೆ ಸೊನ್ನೆ, ತಿನ್ನುವುದು 12-15 ವ್ಯಾಟ್, ಅದರಲ್ಲಿ ಬಹುಪಾಲು ಶಾಖ. ರಟ್ಟಿನ ಗೂಡಿನೊಳಗೆ ಅದಕ್ಕೆ ಜಾಗವಿಲ್ಲ. 230 ವೋಲ್ಟಿನ ಯಾವ ಬಲ್ಬೂ, ಹೋಲ್ಡರೂ, ಮೇಣದಬತ್ತಿಯೂ, ಎಣ್ಣೆಯ ಹಣತೆಯೂ ಈ ದೀಪದೊಳಗೆ ಹೋಗಕೂಡದು. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಅಳತೆ

ದುಂಡನೆಯ ಬಳೆಗಳನ್ನು ಕೊಯ್ದು ಪೇರಿಸುವ ವಿಧಾನವೂ ಇದೆ. ಆದರೆ ಒಂದು ಬಳೆಯಲ್ಲಿ ಕೊಳವೆಗಳೆಲ್ಲ ಒಂದೇ ದಿಕ್ಕಿಗೆ ಹರಿಯುವುದರಿಂದ ಎದುರುಬದುರಿನ ಎರಡು ಕಡೆ ಮಾತ್ರ ಬಾಯಿ ತೆರೆದಿದ್ದು, ಮಿಕ್ಕ ಎರಡು ಕಡೆ ಕತ್ತಲಾಗುತ್ತದೆ. ಜೊತೆಗೆ ಬಳೆಯ ನಡುವಿನ ರಟ್ಟು ವ್ಯರ್ಥ. ಚೌಕದ ದೀಪದಲ್ಲಿ ಈ ಎರಡೂ ತೊಂದರೆ ಇಲ್ಲ, ನೇರ ಗೆರೆ ಕೊಯ್ಯಲು ಬಂದರೆ ಸಾಕು.

ಬೇಕಾದದ್ದು 14 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಪಟ್ಟಿಗಳು. ಒಂದು ಪದರಕ್ಕೆ ನಾಲ್ಕು. ಐದು ಪ್ಲೈ ರಟ್ಟಿನ ಮೂವತ್ತು ಪದರ ಪೇರಿಸಿದರೆ ಸುಮಾರು 19 ಸೆಂ.ಮೀ. ಎತ್ತರದ ದೀಪ, ಅಂದರೆ 120 ಪಟ್ಟಿ. ಒಂದು ಬದಿ 45 ಸೆಂ.ಮೀ. ಚೌಕವಿರುವ ಪೆಟ್ಟಿಗೆಯಾದರೆ ಎರಡು ಬದಿಗಳಲ್ಲೇ ಇಷ್ಟು ಪಟ್ಟಿ ಸಿಗುತ್ತವೆ.

ಕೊಳವೆಗಳು ಪಟ್ಟಿಯ ಉದ್ದಕ್ಕೆ ಅಲ್ಲ, 2 ಸೆಂ.ಮೀ. ಅಗಲಕ್ಕೆ ಹರಿಯಬೇಕು. ಭಾರ ತಡೆಯಲೆಂದು ಸಾಮಾನ್ಯ ಪೆಟ್ಟಿಗೆಯ ಬದಿಗಳಲ್ಲಿ ಅಲೆಗಳು ನೆಟ್ಟಗೆ, ಮೇಲಿಂದ ಕೆಳಕ್ಕೆ ಇರುತ್ತವೆ. ಆದ್ದರಿಂದ ಪೆಟ್ಟಿಗೆ ನಿಂತಿರುವಂತೆ ನೋಡಿದಾಗ ಅಡ್ಡಡ್ಡಲಾಗಿ, ಎರಡೆರಡು ಸೆಂಟಿಮೀಟರಿಗೊಂದರಂತೆ ಗೆರೆ ಎಳೆಯಿರಿ. ಅನುಮಾನವಿದ್ದರೆ ಒಂದು ಪಟ್ಟಿ ಕೊಯ್ದು ಬೆಳಕಿಗೆ ಹಿಡಿಯಿರಿ. ಉದ್ದನೆಯ ಅಂಚಿನಲ್ಲಿ ಸಾಲು ಸಾಲು ಬಾಯಿಗಳು ಕಂಡರೆ ದಿಕ್ಕು ಸರಿ.

ಕೊಯ್ಯುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ಮೊಂಡು ಬ್ಲೇಡು ರಟ್ಟನ್ನು ಕತ್ತರಿಸುವ ಮೊದಲು ಅದುಮುತ್ತದೆ, ಅದುಮಿದ ಕಡೆ ಕೊಳವೆಯ ಬಾಯಿ ತುಟಿ ಮುಚ್ಚಿದಂತಾಗಿ ಬೆಳಕು ಅಲ್ಲೇ ನಿಲ್ಲುತ್ತದೆ. ಇದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಹತ್ತು ಹದಿನೈದು ಪಟ್ಟಿಗೊಮ್ಮೆ ಬ್ಲೇಡಿನ ತುದಿ ಮುರಿದು ಹೊಸ ಮೊನೆ ತೆಗೆಯಿರಿ. ಮುರಿದ ಚೂರುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿಡಿ.

ಒಂದೇ ಎಳೆತಕ್ಕೆ ಕೊಯ್ದುಬಿಡುವ ಆತುರ ಬೇಡ. ಸ್ಟೀಲ್ ಸ್ಕೇಲನ್ನು ಬಿಗಿಯಾಗಿ ಒತ್ತಿ ಹಿಡಿದು, ಮೊದಲ ಎಳೆತದಲ್ಲಿ ಮೇಲಿನ ಹಾಳೆ ಮಾತ್ರ, ಎರಡನೆಯದರಲ್ಲಿ ನಡುವಿನದು, ಮೂರು-ನಾಲ್ಕನೆಯದರಲ್ಲಿ ತಳ ಎಂಬಂತೆ ಹಗುರವಾಗಿ ಎಳೆಯಿರಿ. ಕಟರನ್ನು ನೆಟ್ಟಗೆ ಹಿಡಿಯದೆ ಬಾಗಿಸಿ ಹಿಡಿದರೆ ಮೊನೆ ಚುಚ್ಚದೆ ಜಾರುತ್ತದೆ. ಸ್ಕೇಲ್ ಹಿಡಿದ ಕೈಯ ಬೆರಳುಗಳು ಅಂಚಿನಿಂದ ಹಿಂದೆ ಇರಲಿ. ಕೆಳಗೆ ಇನ್ನೊಂದು ರಟ್ಟು ಹಾಸಿಕೊಂಡರೆ ಮೇಜೂ ಉಳಿಯುತ್ತದೆ, ಬ್ಲೇಡೂ ಬಾಳುತ್ತದೆ. ಪ್ರತಿ ಪಟ್ಟಿಗೂ ಅಳೆಯುವ ಬದಲು ದಪ್ಪ ರಟ್ಟಿನದೋ ಹಳೆಯ ತಗಡಿನದೋ ಒಂದು ಅಚ್ಚು ಮಾಡಿಕೊಳ್ಳಿ. 120 ಪಟ್ಟಿಗಳಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸಗಳು ಸೇರುತ್ತಾ ಹೋದರೆ ಗೋಡೆ ಡೊಂಕಾಗುತ್ತದೆ.

ಇಲ್ಲಿ ಒಂದು ಉಪಾಯವಿದೆ. ಎಲ್ಲ ಪಟ್ಟಿಗಳ ಕೊಳವೆಗಳೂ ಅಂಚಿಗೆ ಲಂಬವಾಗಿದ್ದರೆ ದೀಪ ನೇರ ಎದುರಿನಿಂದ ಮಾತ್ರ ಜ್ವಲಿಸುತ್ತದೆ, ಮೂಲೆಯ ಕಡೆಯಿಂದ ನೋಡಿದವರಿಗೆ ಮಂಕು. ಅದಕ್ಕೆ ಮೂರನೇ ಒಂದು ಭಾಗದ ಪಟ್ಟಿಗಳನ್ನು ಓರೆಯಾಗಿ, ಅಂದರೆ ಅಡ್ಡಗೆರೆಯನ್ನು ಹದಿನೈದಿಪ್ಪತ್ತು ಡಿಗ್ರಿ ತಿರುಗಿಸಿ ಕೊಯ್ಯಿರಿ. ಆಗ ಕೊಳವೆಗಳು ಪಟ್ಟಿಯೊಳಗೆ ಓರೆಯಾಗಿ ಹರಿದು ಬೆಳಕನ್ನು ಪಕ್ಕಕ್ಕೆ ಬಿಡುತ್ತವೆ. ಎಡದ ಓರೆಗೆ ಬೇರೆ, ಬಲದ ಓರೆಗೆ ಬೇರೆ ಎಂದು ಕೊಯ್ಯಬೇಕಾಗಿಲ್ಲ. ಪಟ್ಟಿಯನ್ನು ಮಗುಚಿ ಇಟ್ಟರೆ ಓರೆ ತಾನಾಗಿ ಬದಲಾಗುತ್ತದೆ. ನೇರ, ಎಡ ಓರೆ, ಬಲ ಓರೆ ಪದರಗಳನ್ನು ಬೆರೆಸಿ ಕಟ್ಟಿದ ದೀಪದ ಮುಂದೆ ನಡೆದು ಹೋದರೆ ಬೆಳಕಿನ ಗೆರೆಗಳು ಒಂದರ ನಂತರ ಒಂದು ಹೊತ್ತಿ ಆರುತ್ತವೆ. ಯಾವ ಎಲೆಕ್ಟ್ರಾನಿಕ್ಸೂ ಇಲ್ಲದೆ ದೀಪ ನಮ್ಮ ಜೊತೆ ಸರಿದಾಡುತ್ತದೆ.

ಪೇರಿಸುವುದು

ಒಂದು ಪದರದ ನಾಲ್ಕು ಪಟ್ಟಿಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ, ಚೌಕವಾಗುವಂತೆ ಜೋಡಿಸಿ. ಮೇಲಿನಿಂದ ನೋಡಿದಾಗ ಮೊದಲ ಪಟ್ಟಿಯ ಬಲತುದಿಯ ಪಕ್ಕಕ್ಕೆ ಎರಡನೆಯದು ತಾಗಿ ಕೆಳಗಿಳಿಯಬೇಕು, ಎರಡನೆಯದರ ಕೆಳತುದಿಗೆ ಮೂರನೆಯದು ತಾಗಿ ಎಡಕ್ಕೆ ತಿರುಗಬೇಕು, ಮೂರನೆಯದರ ತುದಿಯಿಂದ ನಾಲ್ಕನೆಯದು ಮೇಲಕ್ಕೆ ಬಂದು ಮೊದಲನೆಯದರ ಅಡಿಗೆ ಸೇರಬೇಕು. ಹೊರಗಿನ ಅಳತೆ 16 ಸೆಂ.ಮೀ. ಚೌಕ, ಒಳಗಿನ ಖಾಲಿ ಜಾಗ 12 ಸೆಂ.ಮೀ. ಚೌಕ. ಮುಂದಿನ ಪದರದಲ್ಲಿ ಇದೇ ಸುತ್ತನ್ನು ಎದುರು ದಿಕ್ಕಿಗೆ ಮಾಡಿ. ಗಾರೆಯವರು ಕೂಡು ತಪ್ಪಿಸಿ ಇಟ್ಟಿಗೆ ಇಡುವ ಹಾಗೆ, ಕೆಳಗಿನ ಪದರದ ಕೂಡಿನ ಮೇಲೆ ಮೇಲಿನ ಪದರದ ಗಟ್ಟಿ ಪಟ್ಟಿ ಕೂರುತ್ತದೆ. ಮೂಲೆಗಳಿಗೆ ಬೇರೆ ಆಧಾರ ಬೇಕಾಗುವುದಿಲ್ಲ. ಬೆಳಕು ಹಾಯದ ಆ ಎರಡು ಸೆಂಟಿಮೀಟರ್ ಮೂಲೆಗಳು ದೀಪ ಹಚ್ಚಿದಾಗ ನಾಲ್ಕು ಕಪ್ಪು ಕಂಬಗಳಂತೆ ಕಾಣುತ್ತವೆ, ಚೌಕಟ್ಟಿಗೆ ಒಳ್ಳೆಯ ಬಿಗಿ ಕೊಡುತ್ತವೆ.

ಅಂಟನ್ನು ಪಟ್ಟಿಯ ಚಪ್ಪಟೆ ಮೈಯ ನಡುವೆ ತೆಳ್ಳನೆಯ ಒಂದೇ ಗೆರೆಯಾಗಿ ಹಾಕಿ. ಅಂಚಿನವರೆಗೆ ಬಳಿದರೆ ಒತ್ತಿದಾಗ ಹೊರಗೆ ಒಸರಿ ಕೊಳವೆಯ ಬಾಯಿಗೆ ಹೋಗುತ್ತದೆ. ಐದಾರು ಪದರ ಆದಮೇಲೆ ಮೂಲೆಮಟ್ಟವನ್ನೋ ದಪ್ಪ ಪುಸ್ತಕದ ಅಂಚನ್ನೋ ಒತ್ತಿ ಹೊರಮೈ ಸಮ ಮಾಡಿ, ಮೇಲೆ ಹಗುರವಾದ ಭಾರ ಇಟ್ಟು ಅರ್ಧ ಗಂಟೆ ಬಿಡಿ. ಭಾರ ಹೆಚ್ಚಾದರೆ ಅಲೆಗಳು ಕುಸಿಯುತ್ತವೆ; ಒಂದು ನಿಘಂಟು ಸಾಕು, ಅಕ್ಕಿ ಡಬ್ಬ ಬೇಡ. ಹೀಗೆ ಐದಾರು ಪದರಗಳ ಕಂತುಗಳಲ್ಲಿ ಕಟ್ಟಿ ಕೊನೆಗೆ ಕಂತುಗಳನ್ನು ಸೇರಿಸಿದರೆ ಓರೆಕೋರೆ ತಿದ್ದಲು ಅವಕಾಶವಿರುತ್ತದೆ.

ಬೇಕಿದ್ದರೆ ಎಲ್ಲೋ ಒಂದೆರಡು ಪದರದಲ್ಲಿ ಪೂರ್ತಿ ಪಟ್ಟಿ ಬಿಟ್ಟು ನಾಲ್ಕು ಮೂಲೆಗೆ ಎರಡು ಸೆಂಟಿಮೀಟರಿನ ಚೌಕಗಳನ್ನಷ್ಟೇ ಇಡಿ. ಅಲ್ಲಿ ತೆರೆದ ಸೀಳು ಬಂದು, ಬೆಳಕು ಗೋಡೆಯ ಮೇಲೆ ಉದ್ದ ಪಟ್ಟಿಯಾಗಿ ಬೀಳುತ್ತದೆ. ಹೆಚ್ಚು ಮಾಡಿದರೆ ಕೊಳವೆಗಳ ಮಂದ ಬೆಳಕು ಅದರೆದುರು ಸೋಲುತ್ತದೆ.

ಹೊರಮೈಗೆ ಬಣ್ಣ, ವಾರ್ನಿಷ್ ಯಾವುದೂ ಬೇಡ. ಬಣ್ಣ ಬಾಯಿಗಳನ್ನು ತುಂಬುತ್ತದೆ. ಸ್ಯಾಂಡ್ ಪೇಪರ್ ತಿಕ್ಕಿದರೂ ಅಂಚುಗಳು ಜುಂಗುಜುಂಗಾಗಿ ಅದೇ ಗತಿ. ಪೆಟ್ಟಿಗೆಯ ಮೇಲಿನ ಅಚ್ಚಿನ ಬಣ್ಣಗಳು, ‘ಎಚ್ಚರಿಕೆಯಿಂದ ನಿರ್ವಹಿಸಿ’ ಎಂಬ ಅಕ್ಷರಗಳು ಪದರಗಳ ನಡುವೆ ಅಡಗಿಹೋಗುವುದರಿಂದ ಅವುಗಳ ಚಿಂತೆಯೂ ಇಲ್ಲ.

ಒಳಗಿನ ಬೆಳಕು

ಸ್ಟ್ರಿಪ್ಪನ್ನು ನೇರವಾಗಿ ರಟ್ಟಿಗೆ ಅಂಟಿಸಬೇಡಿ. ಎಲ್‌ಇಡಿಯ ಶಾಖ ಅದರ ಬೆನ್ನಿನಿಂದ ಹೊರಬೀಳಬೇಕು, ರಟ್ಟು ಶಾಖವನ್ನು ತಡೆದಿಡುತ್ತದೆ. ಬಿಸಿಯಾದಷ್ಟೂ ಎಲ್‌ಇಡಿ ಬೇಗ ಮಂಕಾಗುತ್ತದೆ. ಕ್ಯಾನ್ ಇಲ್ಲಿ ನೆರವಿಗೆ ಬರುತ್ತದೆ: ಲೋಹವಾದ್ದರಿಂದ ಶಾಖವನ್ನು ಹಂಚಿಬಿಡುತ್ತದೆ. ಅದನ್ನು ತೊಳೆದು ಒಣಗಿಸಿ, ಕೆಳಗಿನಿಂದ ಮೇಲಕ್ಕೆ ಸ್ಟ್ರಿಪ್ಪನ್ನು ಬಳ್ಳಿಯಂತೆ ಸುತ್ತಿ. ಒಂದು ಮೀಟರ್ ಸ್ಟ್ರಿಪ್ ಸುಮಾರು ಆರು ಸುತ್ತು ಬರುತ್ತದೆ, ಸುತ್ತುಗಳ ನಡುವೆ ಎರಡು ಸೆಂಟಿಮೀಟರ್ ಬಿಟ್ಟರೆ ಕ್ಯಾನಿನ ಎತ್ತರ ತುಂಬುತ್ತದೆ. ಸ್ಟ್ರಿಪ್ ಕತ್ತರಿಸುವುದಾದರೆ ಅದರ ಮೇಲೆ ಗುರುತಿಸಿದ ಗೆರೆಯಲ್ಲೇ ಕತ್ತರಿಸಿ, ಕತ್ತರಿಸಿದ ತುದಿಯ ತಾಮ್ರದ ಚುಕ್ಕೆಗಳು ಲೋಹಕ್ಕೆ ತಾಗದಂತೆ ಇನ್ಸುಲೇಶನ್ ಟೇಪ್ ಸುತ್ತಿ. ಇದನ್ನು ಮರೆತರೆ ಶಾರ್ಟ್ ಆಗಿ ಚಾರ್ಜರ್ ಕೈಕೊಡುತ್ತದೆ.

ಮುಂದಿನ ಕೆಲಸ ಚುಕ್ಕೆಗಳನ್ನು ಮರೆಮಾಡುವುದು. ಎಲ್‌ಇಡಿಗಳು ಒಂದೊಂದೇ ಚುಕ್ಕೆಯಾಗಿ ಕೊಳವೆಯೊಳಗೆ ಕಂಡರೆ ಕಣ್ಣಿಗೆ ಚುಚ್ಚುತ್ತವೆ. ಮೀಟರಿಗೆ 60 ಎಲ್‌ಇಡಿ ಇರುವ ಸ್ಟ್ರಿಪ್ಪಿನಲ್ಲಿ ಎರಡು ಎಲ್‌ಇಡಿಗಳ ನಡುವೆ ಸುಮಾರು 17 ಮಿಲಿಮೀಟರ್ ಅಂತರವಿರುತ್ತದೆ. ಬಟರ್ ಪೇಪರ್ ಕನಿಷ್ಠ ಅಷ್ಟಾದರೂ ದೂರದಲ್ಲಿರಬೇಕು. ಆಗ ಒಂದು ಚುಕ್ಕೆಯ ಬೆಳಕು ಪಕ್ಕದ್ದರ ಜೊತೆ ಬೆರೆಯುತ್ತದೆ. ಬಟರ್ ಪೇಪರನ್ನು ಹತ್ತು ಸೆಂಟಿಮೀಟರ್ ವ್ಯಾಸದ ಕೊಳವೆಯಾಗಿ ಸುತ್ತಿ ಅಂಟಿಸಿ, ಕ್ಯಾನನ್ನು ನಡುವೆ ನಿಲ್ಲಿಸಿದರೆ ಸುತ್ತಲೂ ಎರಡೂವರೆ ಸೆಂಟಿಮೀಟರ್ ಜಾಗ ಉಳಿಯುತ್ತದೆ. ಒಂದು ಸುತ್ತಿಗೆ ಚುಕ್ಕೆ ಕಂಡರೆ ಇನ್ನೊಂದು ಸುತ್ತು.

ತಳಕ್ಕೆ 16 ಸೆಂ.ಮೀ. ಚೌಕದ ಎರಡು ರಟ್ಟುಗಳನ್ನು, ಅಲೆಗಳು ಒಂದಕ್ಕೊಂದು ಅಡ್ಡ ಬರುವಂತೆ ಅಂಟಿಸಿ. ಹಾಗೆ ಮಾಡಿದರೆ ತಳ ಬಾಗುವುದಿಲ್ಲ. ಗಾಳಿಗೆಂದು ನಡುವೆ ಎರಡು ಬೆರಳು ಹೋಗುವಷ್ಟು ತೂತು, ವೈರಿಗೆ ಒಂದು ಬದಿಯಲ್ಲಿ ಕಾಲುವೆ, ಅಡಿಯ ನಾಲ್ಕು ಮೂಲೆಗೆ ಬಾಟಲಿಯ ಮುಚ್ಚಳ. ತೂತಿನ ಎರಡು ಬದಿಗೆ ಎರಡು ಮೂರು ಸೆಂಟಿಮೀಟರ್ ಎತ್ತರದ ರಟ್ಟಿನ ಕಟ್ಟೆ ಕಟ್ಟಿ ಕ್ಯಾನನ್ನು ಅದರ ಮೇಲೆ ಕೂರಿಸಿ. ಗೋಡೆಯನ್ನು ತಳಕ್ಕೆ ಅಂಟಿಸಬೇಡಿ, ಸುಮ್ಮನೆ ಮೇಲಿಂದ ಇಳಿಸಿ. ಸ್ಟ್ರಿಪ್ ಕೆಟ್ಟಾಗ, ಹಲ್ಲಿ ಒಳಸೇರಿದಾಗ ಎತ್ತಿ ನೋಡಲು ಅದೇ ಅನುಕೂಲ. ಮೇಲ್ಭಾಗ ತೆರೆದೇ ಇರಲಿ: ಬಿಸಿಗಾಳಿ ಹೋಗಲು ದಾರಿ, ಚಾವಣಿಯ ಮೇಲೆ ಒಂದು ಮೆದು ಬೆಳಕಿನ ಚೌಕ.

ಮೊದಲ ಸಲ ಹಚ್ಚಿದಾಗ ಎರಡು ಗಂಟೆ ಎದುರಿಗೇ ಕುಳಿತು, ನಡುನಡುವೆ ಕ್ಯಾನನ್ನೂ ಚಾರ್ಜರನ್ನೂ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿಯಾದರೆ ಸ್ಟ್ರಿಪ್ಪಿನ ಉದ್ದ ಕಡಿಮೆ ಮಾಡಿ ಅಥವಾ ಚಾರ್ಜರ್ ಬದಲಿಸಿ. ಐದು ವ್ಯಾಟಿನ ದೀಪ ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಮುಕ್ಕಾಲು ಯೂನಿಟ್ ವಿದ್ಯುತ್. ಬೆಳಕು ಹೆಚ್ಚೆನಿಸಿ ಡಿಮ್ಮರ್ ಹಾಕುವುದಾದರೆ, ಮೊದಲು ಮೊಬೈಲ್ ಕ್ಯಾಮೆರಾದಿಂದ ನೋಡಿ. ಪರದೆಯ ಮೇಲೆ ಕಪ್ಪು ಪಟ್ಟೆಗಳು ದಟ್ಟವಾಗಿ ಓಡಿದರೆ ಅದು ಬೆಳಕನ್ನು ಮಿಣುಕಿಸಿ ಕಡಿಮೆ ಮಾಡುವ ಅಗ್ಗದ ಡಿಮ್ಮರ್. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ. ಅದರ ಬದಲು ಬಟರ್ ಪೇಪರನ್ನು ಇನ್ನೊಂದು ಸುತ್ತು ಸುತ್ತುವುದೇ ಲೇಸು.

ಎಲ್ಲಿಡಬೇಕು?

ಎರಡು ಸೆಂಟಿಮೀಟರ್ ಉದ್ದದ, ಮೂರ್ನಾಲ್ಕು ಮಿಲಿಮೀಟರ್ ಎತ್ತರದ ಕೊಳವೆಯೊಳಗಿನಿಂದ ಬೆಳಕು ಮೇಲೆ-ಕೆಳಗೆ ಹತ್ತು ಡಿಗ್ರಿಯಷ್ಟೇ ಹರಡಬಲ್ಲದು. ಒಂದೂವರೆ ಮೀಟರ್ ದೂರದಲ್ಲಿ ಕುಳಿತರೆ, ನಿಮ್ಮ ಕಣ್ಣು ದೀಪಕ್ಕಿಂತ ಒಂದು ಗೇಣಿನಷ್ಟು ಮೇಲೆ ಅಥವಾ ಕೆಳಗೆ ಇರುವವರೆಗೆ ಮಾತ್ರ ಅದು ಜ್ವಲಿಸುತ್ತದೆ. ನೆಲದ ಮೇಲಿಟ್ಟು ನಿಂತು ನೋಡಿ ‘ಬೆಳಕೇ ಇಲ್ಲ’ ಎಂದು ದೂರುವವರು ಇದನ್ನು ಗಮನಿಸಿರುವುದಿಲ್ಲ. ಕುರ್ಚಿಯಲ್ಲಿ ಕೂರುವವರಿಗೆ ಪುಸ್ತಕದ ಕಪಾಟಿನ ನಡುವಿನ ಹಲಗೆ, ಹಾಸಿಗೆಯಲ್ಲಿ ಒರಗುವವರಿಗೆ ಪಕ್ಕದ ಗಿಡ್ಡ ಮೇಜು ಸರಿಯಾದ ಜಾಗ. ಒಂದು ಬದಿ ನಿಮ್ಮ ಕಡೆಗಿರಲಿ, ಇನ್ನೊಂದು ತಿಳಿ ಬಣ್ಣದ ಗೋಡೆಯ ಕಡೆಗಿರಲಿ. ಎಲ್ಲ ಕೋನದಿಂದಲೂ ಕಾಣಲೇಬೇಕೆಂದರೆ ಪಟ್ಟಿಯ ಅಗಲವನ್ನು ಒಂದೂಕಾಲು ಸೆಂಟಿಮೀಟರಿಗೆ ಇಳಿಸಿ ಕಟ್ಟಬಹುದು. ಬೆಳಕು ಹರಡುತ್ತದೆ, ಗೋಡೆ ತುಸು ಸೂಕ್ಷ್ಮವಾಗುತ್ತದೆ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ರಟ್ಟು ತೇವ ಕುಡಿದು ಬೂಷ್ಟು ಹಿಡಿಯುತ್ತದೆ. ಆ ತಿಂಗಳುಗಳಲ್ಲಿ ದೀಪವನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ದಿನವೂ ಸ್ವಲ್ಪ ಹೊತ್ತು ಉರಿಸಿ. ಒಳಗಿನ ಬಿಸಿ ಅದನ್ನು ಒಣಗಿಸುತ್ತಿರುತ್ತದೆ. ಧೂಳಿಗೆ ಒದ್ದೆ ಬಟ್ಟೆ ಬೇಡ, ಒಣ ಪೇಂಟ್ ಬ್ರಷ್ ಸಾಕು. ಸ್ಟ್ರಿಪ್ ಮಂಕಾದರೆ ಗೋಡೆ ಎತ್ತಿ, ಕ್ಯಾನಿನಿಂದ ಸುಲಿದು ಹೊಸದನ್ನು ಸುತ್ತಿ. ಹಳೆಯ ಸ್ಟ್ರಿಪ್ ಮತ್ತು ಚಾರ್ಜರ್ ಇ-ತ್ಯಾಜ್ಯಕ್ಕೆ; ದೀಪವೇ ಹಾಳಾದರೆ ಕ್ಯಾನ್ ಗುಜರಿಗೆ, ಪಟ್ಟಿಗಳು ಒಣ ಕಸಕ್ಕೆ.